ಇಂಗಾಲ: ಅಧಿಕ

೧೯೯೬ ಜನವರಿ ೮, ಸೋಮವಾರ

ಹೈದರಾಬಾದಿಗೆ ಬಂದು ಇಪ್ಪತ್ತೊಂಬತ್ತು ವರ್ಷವಾಯಿತು. ಅಷ್ಟೂ ವರ್ಷ ಮಣ್ಣು ಪರೀಕ್ಷೆಯೇ ನನ್ನ ಕೆಲಸ. ಚರ್ಮ ಹದ ಮಾಡುವ ಕಾರ್ಖಾನೆಯ ಹಿಂದಿನ ಮಣ್ಣು, ಸತ್ತ ಸೀಗಡಿಗಳ ಕೊಳದ ಮಣ್ಣು, ಎಲ್ಲವನ್ನೂ ಮೂಸಿದ್ದೇನೆ. ಇಂದು ಬಂದದ್ದು ಅವೆಲ್ಲವನ್ನೂ ಮೀರಿಸಿತು. ಆರು ಬಟ್ಟೆ ಚೀಲಗಳು. ಮೇಲೆ ಬರೀ ಸಂಖ್ಯೆ; ಊರಿಲ್ಲ, ಬೆಳೆಯಿಲ್ಲ, ಯಾರ ಹೊಲವೆಂದು ಇಲ್ಲ. ನಾಲ್ಕು ಚೀಲಗಳ ತಳ ಕಪ್ಪಾಗಿ ನೆನೆದಿತ್ತು. ಎತ್ತಿದಾಗ ಮೇಜಿನ ಮೇಲೆ ನಾಲ್ಕು ಉಂಗುರ ಉಳಿದವು. ಸೋಡಾ ಹಾಕಿ ತಿಕ್ಕಿದರೂ ಹೋಗಲಿಲ್ಲ.

ಮಣ್ಣು ಒಣಗಿಸಿ, ಕುಟ್ಟಿ, ಜರಡಿ ಹಿಡಿಯುವುದು ಮಲ್ಲಣ್ಣನ ಕೆಲಸ. ರಾಯಚೂರಿನ ಕಡೆಯವನು, ನನಗಿಂತ ಎರಡು ವರ್ಷ ಚಿಕ್ಕವನು. ಮರದ ಕೊಡತಿಯಿಂದ ಕುಟ್ಟಿದರೆ ಅದು ಪುಡಿಯಾಗದೆ ಹಲಗೆಗೆ ಅಂಟಿತು. "ಸಾಹೇಬ್ರ, ಇದು ಮಣ್ಣಲ್ರಿ, ಗ್ಯಾರೇಜಿನ್ಯಾಗ ಕೈ ಒರಸೋ ಚಿಂದಿ," ಎಂದ. ನಗುತ್ತಲೇ ಅದೇ ಕೈಯಿಂದ ಬೀಡಿ ತೆಗೆದ. ನಾನು ಎದ್ದು ನಲ್ಲಿಯ ಕಡೆ ಹೋದೆ.

ಮೂರು ಸಲ ಸಾಬೂನು, ಒಂದು ಸಲ ನಿಂಬೆ ಸಿಪ್ಪೆ. ಆದರೂ ಮೆಹದಿಪಟ್ಟಣಂ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದವನು ಎದ್ದು ಮುಂದೆ ಹೋಗಿ ನಿಂತ.

ಕಾಚಿಗುಡದ ಗ್ರಂಥಾಲಯದಿಂದ ತಂದ ರಷ್ಯನ್ ಕಾದಂಬರಿಯ ಐವತ್ತು ಪುಟ ಓದಿದೆ. ಅನುವಾದಕರು ಅಲ್ಲಿನ ರೈತರಿಗೆ ಜೋಳದ ರೊಟ್ಟಿ ತಿನ್ನಿಸಿದ್ದಾರೆ. ಪೆನ್ಸಿಲಿನಿಂದ ಗುರುತು ಹಾಕಿದೆ.

ಜನವರಿ ೧೧, ಗುರುವಾರ

ಆ ಮಣ್ಣಿಗೆ ಕಿತ್ತಳೆ ಬಣ್ಣದ ದ್ರಾವಣ, ಆಮೇಲೆ ಗಂಧಕಾಮ್ಲ ಸುರಿದ ಕೂಡಲೇ ಎಲ್ಲವೂ ಹಸಿರಾಗಿಬಿಟ್ಟಿತು. ಮಣ್ಣಿನಲ್ಲಿ ಇಂಗಾಲ ಇದ್ದಷ್ಟೂ ಕಿತ್ತಳೆ ಕಳೆದು ಹಸಿರಾಗುತ್ತದೆ. ಪೂರ್ತಿ ಹಸಿರಾದರೆ ಲೆಕ್ಕ ಸಿಗುವುದಿಲ್ಲ. ಕಾಲು ಭಾಗ ಮಣ್ಣು ತೆಗೆದುಕೊಂಡು ಮತ್ತೆ ಮಾಡಿದೆ. ಒಂದು ಮಾದರಿ ಮೂರು ಸಲವೂ ಶೇಕಡ ೩.೮ರ ಆಸುಪಾಸಿನಲ್ಲೇ ನಿಂತಿತು. ಎಣ್ಣೆ ಮಣ್ಣು ನಾಲ್ಕೂ ಮೂರಕ್ಕಿಂತ ಮೇಲೆ. ಶುದ್ಧವಾಗಿದ್ದ ಎರಡು ೦.೬. ಇಷ್ಟು ಗಲೀಜು ವಸ್ತುವಿನಿಂದ ಇಷ್ಟು ಸ್ವಚ್ಛವಾದ ಅಂಕಿ ತೆಗೆದದ್ದಕ್ಕೆ ಸ್ವಲ್ಪ ಹೆಮ್ಮೆಯಾಯಿತು.

ವರದಿಯ ಹಾಳೆ ಅಚ್ಚಾದದ್ದು. ೦.೭೫ ದಾಟಿದರೆ ಇಂಗಾಲ 'ಅಧಿಕ'. ನಮ್ಮಲ್ಲಿ ಸಾರಜನಕವನ್ನು ಬೇರೆಯಾಗಿ ಅಳೆಯುವುದಿಲ್ಲ. ಇಂಗಾಲದ ಅಂಕಿ ನೋಡಿ ಅದರ ಮುಂದೆ ಬರೆಯುತ್ತೇವೆ. ನಾಲ್ಕಕ್ಕೂ ಬರೆದೆ: ಲಭ್ಯ ಸಾರಜನಕ, ಅಧಿಕ. ಫಲವತ್ತತೆ, ಉತ್ತಮ. ಯೂರಿಯಾ ಕಾಲು ಭಾಗ ಕಡಿಮೆ ಮಾಡಬಹುದು. ಹಸಿರು ಶಾಯಿಯಲ್ಲಿ ಆರು ಸಹಿ. ವಾಸನೆಗೆ ಹಾಳೆಯಲ್ಲಿ ಅಂಕಣವಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ.

ಫೆಬ್ರವರಿ ೨, ಶುಕ್ರವಾರ

ಊಟದ ಹೊತ್ತಿಗೆ ಒಬ್ಬ ಹೆಂಗಸು ಒಳಗೆ ಬಂದಳು. ಐವತ್ತರ ಮೇಲೆ ವಯಸ್ಸು, ಕರಾವಳಿ ಆಂಧ್ರದ ತೆಲುಗು. ಕೈಯಲ್ಲಿ ಸ್ಟೀಲಿನ ಡಬ್ಬಿ. ನನ್ನ ಬುತ್ತಿಯ ಪಕ್ಕದಲ್ಲಿಟ್ಟು ಮುಚ್ಚಳ ತೆಗೆದಳು. ಜನವರಿಯ ಆ ವಾಸನೆ. ನನ್ನ ಅನ್ನವನ್ನು ಅಲ್ಲೇ ಮುಚ್ಚಿದೆ.

ಹೆಸರು ಸತ್ತೆಮ್ಮ. ಅಮಲಾಪುರದ ಆಚೆ ಎರಡೆಕರೆ ಗದ್ದೆ. ಗದ್ದೆಯ ಬದುವಿನಲ್ಲಿ ಯಾವುದೋ ತೈಲ ಕಂಪನಿಯ ಕೊಳವೆ ಹಾದುಹೋಗಿದೆಯಂತೆ. ಸೆಪ್ಟೆಂಬರಿನ ಒಂದು ಬೆಳಗ್ಗೆ ಅದು ಒಡೆದು, ನೆಲದೊಳಗಿಂದ ತೆಗೆದ ಕಚ್ಚಾ ಎಣ್ಣೆ ಪೈರಿನ ನಡುವೆ ಮೊಣಕಾಲೆತ್ತರ ನಿಂತಿತು. ಕಂಪನಿಯವರು ಮೇಲಿನದನ್ನು ಬಕೆಟ್ಟಿನಲ್ಲಿ ತೋಡಿಕೊಂಡು ಹೋದರು. ಕೆಳಗಿಳಿದದ್ದು ಹಾಗೇ ಇದೆ. ಕೆಟ್ಟ ಮಣ್ಣನ್ನು ಅಗೆದು ತೆಗೆಯಿರಿ, ಅಷ್ಟು ಮಾಡಿದರೆ ಸಾಕು, ಎಂಬುದು ಆಕೆಯ ಬೇಡಿಕೆ. ಕಂಪನಿಯವರು ಹೈದರಾಬಾದಿನ ಒಂದು ಕಾಗದ ತೋರಿಸಿ, ಎಣ್ಣೆ ಬಿದ್ದಮೇಲೆ ನಿಮ್ಮ ನೆಲದ ಫಲವತ್ತತೆ ಹೆಚ್ಚಾಗಿದೆ, ಅದನ್ನು ತೆಗೆದರೆ ನಿಮಗೇ ನಷ್ಟ, ಎಂದರಂತೆ. ಶಾಲೆಯ ಮಾಸ್ತರರು ಆಕೆಗೆ ಓದಿ ಹೇಳಿದರಂತೆ: ಅಧಿಕ, ಅಧಿಕ, ಉತ್ತಮ. ಮಾರ್ಚ್ ೨೨ಕ್ಕೆ ಇಲ್ಲಿ, ಸರ್ಕಾರಿ ಅಧಿಕಾರಿಯ ಮುಂದೆ, ವಿಚಾರಣೆ. ಅಲ್ಲಿಯವರೆಗೆ ಉಪ್ಪಲ್‌ನ ತಂಗಿಯ ಮನೆಯಲ್ಲಿರುತ್ತಾಳೆ.

"ಬಾಬು, ಆ ಕಾಗದಕ್ಕೆ ಸಹಿ ಹಾಕಿದವರು ಯಾರು? ಏನು ಅಧಿಕ ಅಂತ ಅವರನ್ನೇ ಕೇಳಬೇಕು," ಎಂದಳು.

ಅವರು ರಜೆಯಲ್ಲಿದ್ದಾರೆ ಎಂದೆ.

ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಡಬ್ಬಿ ಇಲ್ಲೇ ಇರಲಿ, ಅವರು ಬಂದಾಗ ತೋರಿಸಿ, ಎಂದು ಹೇಳಿ ಹೋದಳು. ಸೆರಗಿಗೂ ಅದೇ ವಾಸನೆ ಹತ್ತಿತ್ತು. ಹೇಳದೆ ಕೇಳದೆ ಊಟದ ಮೇಜಿನ ಮೇಲೆ ಇಂಥದ್ದನ್ನು ತಂದಿಡುವವರ ಬಗ್ಗೆ ನನಗೆ ಅಸಹ್ಯ.

ಫೆಬ್ರವರಿ ೪, ಭಾನುವಾರ

ಹೆಂಡತಿ ಶಿವದೇವಿ ಹೊಸ ಭರಣಿಯ ಮಾವಿನ ಉಪ್ಪಿನಕಾಯಿ ಬಡಿಸಿದಳು. ಮೇಲೆ ಒಂದು ಬೆರಳು ಎಣ್ಣೆ ನಿಂತಿತ್ತು. ತಟ್ಟೆ ಸರಿಸಿದೆ. "ಎಣ್ಣಿ ಮ್ಯಾಲೆ ನಿಂತ್ರನ ಕೆಡಂಗಿಲ್ಲರಿ. ಇಷ್ಟು ವರ್ಷ ತಿಂದೀರಿ, ಇವತ್ತೇನಾತು?" ಎಂದಳು. ಏನೂ ಇಲ್ಲ ಎಂದೆ.

ಎಣ್ಣೆ ನಿಂತರೆ ಗಾಳಿ ಒಳಗೆ ಹೋಗುವುದಿಲ್ಲ, ಆದ್ದರಿಂದ ಉಪ್ಪಿನಕಾಯಿಯಲ್ಲಿ ಯಾವ ಜೀವವೂ ಹುಟ್ಟುವುದಿಲ್ಲ. ಊಟದ ನಡುವೆ ಇದನ್ನು ಯೋಚಿಸುತ್ತ ಕೂತದ್ದು ಏಕೋ ತಿಳಿಯದು.

ಸಂಜೆ ವಿಧಾನಗಳ ಕೈಪಿಡಿ ತೆಗೆದೆ. ಎಣ್ಣೆ ಎಂಬ ಪದ ಅದರಲ್ಲಿ ಒಂದೇ ಕಡೆ ಇದೆ: ಯಂತ್ರಕ್ಕೆ ಬಿಡಬೇಕಾದ ಎಣ್ಣೆ.

ಫೆಬ್ರವರಿ ೧೨, ಸೋಮವಾರ

ಎಂಟು ದಿನದಿಂದ ತಲೆಯಲ್ಲಿ ಇರುವುದನ್ನು ಸರಿಯಾಗಿ ಬರೆದಿಡುತ್ತೇನೆ.

ಇಂಗಾಲ ನೋಡಿ ಸಾರಜನಕ ಹೇಳುವುದು ಏಕೆ ನಡೆಯುತ್ತದೆ? ಹೊಲದಲ್ಲಿ ಇಂಗಾಲ ಬರುವುದು ಎಲೆ, ಬೇರು, ಸಗಣಿ ಕೊಳೆತು. ಅವುಗಳ ಜೊತೆಗೆ ಸಾರಜನಕವೂ ಬರುತ್ತದೆ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ. ಕಚ್ಚಾ ಎಣ್ಣೆಯೂ ಇಂಗಾಲವೇ, ಆದರೆ ಅದರ ಜೊತೆ ಸಾರಜನಕ ಬರುವುದಿಲ್ಲ ಎನ್ನಬೇಕು, ಅಷ್ಟು ಕಡಿಮೆ. ನನ್ನ ಕಿತ್ತಳೆ ದ್ರಾವಣಕ್ಕೆ ಸಗಣಿಯೂ ಒಂದೇ, ಎಣ್ಣೆಯೂ ಒಂದೇ. ಎರಡನ್ನೂ ಸುಟ್ಟು ಹಸಿರಾಗುತ್ತದೆ. ನಾನು ಎಣ್ಣೆಯನ್ನು ಅಳೆದು ಗೊಬ್ಬರ ಎಂದು ಬರೆದೆ.

ನಮ್ಮ ಮುಖ್ಯಸ್ಥರು ಹನುಮಂತರಾಯರು, ಕಲಬುರ್ಗಿಯವರು. ಅವರ ಕೋಣೆಗೆ ಹೋಗಿ ಇಷ್ಟನ್ನೂ ಹೇಳಿದೆ. ಪೇರಲಕ್ಕೆ ಖಾರ ಉಪ್ಪು ಹಚ್ಚಿ ತಿನ್ನುತ್ತಿದ್ದರು.

"ಬಸವಲಿಂಗಪ್ಪನೋರ, ಅಂಕಿ ಬರೋಬ್ಬರಿ ಅದನೋ ಇಲ್ಲೋ?"

ಅದೆ ಎಂದೆ.

"ವಿಧಾನ ತಪ್ಪೇನು?"

ಅಲ್ಲ ಎಂದೆ.

"ಮತ್ತ? ನಮ್ಮ ಕೆಲಸ ಅಳಿಯೋದು. ಯಾರು ಏನು ಚೆಲ್ಯಾರ ಅನ್ನೋದು ನಮ್ಮ ಹಾಳ್ಯಾಗ ಬರಂಗಿಲ್ಲ."

ಆಮೇಲೆ, ಆ ಜಿಲ್ಲೆಯ ಕಂಪನಿಯ ಮಾದರಿಗಳೆಲ್ಲ ನಮ್ಮಲ್ಲಿಗೇ ಬರುತ್ತವೆ, ಸುಮ್ಮನೆ ಕೆಡಿಸಿಕೊಳ್ಳಬೇಡಿ, ನವೆಂಬರಿನಲ್ಲಿ ನಿಮ್ಮ ನಿವೃತ್ತಿ ಇದೆ, ಎಂದರು. ಪೇರಲದ ಬೀಜವೊಂದು ಅವರ ತುಟಿಯ ಅಂಚಿನಲ್ಲಿ ಅಂಟಿತ್ತು. ಮಾತು ಮುಗಿಯುವವರೆಗೂ ನನಗೆ ಬೇರೇನೂ ಕಾಣಲಿಲ್ಲ. ಅವರು ಹೇಳಿದ ಒಂದೊಂದು ಮಾತನ್ನೂ ಹೋದ ತಿಂಗಳು ನಾನೇ ಹೇಳುತ್ತಿದ್ದೆ.

ಫೆಬ್ರವರಿ ೧೫, ಗುರುವಾರ

ಡಬ್ಬಿಯ ಮಣ್ಣಿನಲ್ಲಿ ಸಾರಜನಕವನ್ನು ನೇರವಾಗಿ ಅಳೆದೆ. ಬೇಯಿಸಿ, ಬಟ್ಟಿ ಇಳಿಸಿ ಅಳೆಯುವ ಹಳೆಯ ದೀರ್ಘ ವಿಧಾನ. ಯಾರೂ ಕೇಳಿಲ್ಲದ್ದರಿಂದ ದಾಖಲೆ ಪುಸ್ತಕದಲ್ಲಿ ಬರೆಯಲಿಲ್ಲ. ೦.೦೫. ಇಂಗಾಲ ಇದರಲ್ಲೂ ೩.೮; ಎಪ್ಪತ್ತಾರು ಪಾಲು ಇಂಗಾಲಕ್ಕೆ ಸಾರಜನಕ ಒಂದು ಪಾಲು. ಒಳ್ಳೆಯ ಗದ್ದೆಯಲ್ಲಿ ಹತ್ತಕ್ಕೆ ಒಂದು, ಹನ್ನೆರಡಕ್ಕೆ ಒಂದು ಇರುತ್ತದೆ. ಅಂದರೆ ಮಣ್ಣಿನ ಸೂಕ್ಷ್ಮಜೀವಿಗಳು ಆ ಎಣ್ಣೆಯನ್ನು ತಿನ್ನಲು ಹೊರಟು, ಇದ್ದ ಚೂರು ಸಾರಜನಕವನ್ನೂ ತಾವೇ ಬಾಚಿಕೊಳ್ಳುತ್ತವೆ. ಪೈರಿಗೆ ಏನೂ ಉಳಿಯುವುದಿಲ್ಲ. ಯೂರಿಯಾ ಕಾಲು ಭಾಗ ಕಡಿಮೆ ಮಾಡಿ ಎಂದು ಅದೇ ಮಣ್ಣಿಗೆ ನಾನು ಬರೆದಿದ್ದೇನೆ.

ಮಲ್ಲಣ್ಣ ಉಳಿದ ಮಣ್ಣಿನ ಮೇಲೆ ಪಿಪೆಟ್ಟಿನಿಂದ ಒಂದು ಹನಿ ನೀರು ಬಿಟ್ಟ. ಹನಿ ಇಂಗಲಿಲ್ಲ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಗುಂಡಗೆ ನಿಂತಿತು. ಗಡಿಯಾರ ನೋಡಿದೆ: ಹನ್ನೊಂದು ನಿಮಿಷ. ಆಮೇಲೆ ನೋಡುವುದನ್ನು ಬಿಟ್ಟೆ. "ಕುಡ್ಯಾಕ ಒಲ್ಲೆ ಅಂತೈತ್ರಿ," ಎಂದ ಮಲ್ಲಣ್ಣ.

ಅವನೇ ಎರಡು ಕುಂಡ ತಂದ. ಒಂದರಲ್ಲಿ ಇದು, ಇನ್ನೊಂದರಲ್ಲಿ ನಮ್ಮ ಅಂಗಳದ ಮಣ್ಣು. ಎರಡರಲ್ಲೂ ಇಪ್ಪತ್ತಿಪ್ಪತ್ತು ಹೆಸರುಕಾಳು.

ಫೆಬ್ರವರಿ ೨೩, ಶುಕ್ರವಾರ

ಅಂಗಳದ ಮಣ್ಣಿನಲ್ಲಿ ಹದಿನೆಂಟು ಮೊಳಕೆ. ಸತ್ತೆಮ್ಮನ ಮಣ್ಣಿನಲ್ಲಿ ಮೂರು. ಮೂರೂ ಹಳದಿ.

ಮಾರ್ಚ್ ೧, ಶುಕ್ರವಾರ

ಸತ್ತೆಮ್ಮ ಡಬ್ಬಿ ಕೇಳಲು ಬಂದಳು. ಸಹಿ ಹಾಕಿದವರು ಬಂದರೇ ಎಂದು ಕೇಳಿದಳು. ಸಹಿ ನನ್ನದೇ ಎಂದೆ. ಹೇಳಿ ಮುಗಿಸಿದ ಮೇಲೆ, ಬಾಗಿಲು ಮುಚ್ಚಬೇಕಿತ್ತು ಎನ್ನಿಸಿತು.

ಅವತ್ತೇ ಗೊತ್ತಿತ್ತು ಎಂದಳು. ಓದು ಬರುವುದಿಲ್ಲ, ಆದರೆ ಬಣ್ಣ ಗೊತ್ತಾಗುತ್ತದೆ. ಕಂಪನಿಯವರು ತೋರಿಸಿದ ಕಾಗದದ ಮೇಲಿನ ಸಹಿ ಹಸಿರು. ಅಂದು ನನ್ನ ಅಂಗಿಯ ಜೇಬಿನ ಕೆಳಗೆ ಅದೇ ಹಸಿರಿನ ಕಲೆ ಇತ್ತಂತೆ.

"ಹಾಗಾದರೆ ಅವತ್ತು ಯಾಕೆ ಹೇಳಲಿಲ್ಲ?" ಎಂದೆ.

"ನೀವೇ ರಜೆ ಹಾಕಿದ್ದಿರಲ್ಲ, ಬಾಬು."

ಮಲ್ಲಣ್ಣ ಮುಖ ತಿರುಗಿಸಿ ಜರಡಿ ತಟ್ಟಿದ.

ಕುಂಡಗಳನ್ನು ತೋರಿಸಿದೆ. ಸತ್ತೆಮ್ಮ ಬಗ್ಗಿ, ಒಂದು ಹಳದಿ ಸಸಿಯನ್ನು ಕಿತ್ತು, ಬೇರನ್ನು ಬೆರಳಿನಿಂದ ಒರೆಸಿ ನೋಡಿದಳು. ಬೇರಿನ ತುದಿ ಕಪ್ಪು. ಇದನ್ನು ನನ್ನ ಊರಿನಲ್ಲೇ ನಾಲ್ಕು ತಿಂಗಳು ನೋಡಿ ಬಂದಿದ್ದೇನೆ, ನೋಡಲು ಇಷ್ಟು ದೂರ ಬರಬೇಕಿರಲಿಲ್ಲ, ನನಗೆ ಬೇಕಾದದ್ದು ಇನ್ನೊಂದು ಕಾಗದ, ಎಂದಳು. ಆ ಸಸಿಯನ್ನು ನನ್ನ ಕೈಗೆ ಕೊಟ್ಟಳು. ಎಲ್ಲಿಡಬೇಕೆಂದು ತಿಳಿಯದೆ ಸಂಜೆಯವರೆಗೂ ಜೇಬಿನಲ್ಲೇ ಇತ್ತು.

ಮಾರ್ಚ್ ೮, ಶುಕ್ರವಾರ

ತಿದ್ದುಪಡಿ ಪತ್ರ ಬರೆದು ಹನುಮಂತರಾಯರಿಗೆ ಕೊಟ್ಟೆ. ಹದಿನಾಲ್ಕು ಸಾಲು. ಅವರು ಓದಿ, ಮಡಚಿ, ಡ್ರಾಯರಿನಲ್ಲಿಟ್ಟು, ಬೀಗ ಹಾಕಿದರು. ಮೇಲೆ ಕಳಿಸುವುದಿಲ್ಲ ಎಂದರು. ಡ್ರಾಯರಿನೊಳಗೆ ಪೇರಲದ ಹಣ್ಣೂ ಇತ್ತು.

ಮನೆಗೆ ಬಂದು ಶಿವದೇವಿಗೆ ಎಲ್ಲ ಹೇಳಿದೆ. ನಾನು ಆಫೀಸಿನ ಮಾತು ಮನೆಯಲ್ಲಿ ಆಡುವವನಲ್ಲ. ಆಕೆ ಸೊಪ್ಪು ಸೋಸುತ್ತ ಕೇಳಿದಳು. ನಾನು ಆ ಮಣ್ಣಿನ ನಾತ, ಕಂಪನಿಯವರ ಹೊಲಸು ಬುದ್ಧಿ, ಹನುಮಂತರಾಯರ ಡ್ರಾಯರು, ಎಲ್ಲದರ ಬಗ್ಗೆ ಬಹಳ ಹೊತ್ತು ಮಾತಾಡಿದೆ. ವಿಧಾನ ಕೈಪಿಡಿಯದು, ಹಾಳೆ ಇಲಾಖೆಯದು, ಎಂದೂ ಹೇಳಿದೆ.

"ನಿಮಗ ಹೊಲಸು ಅಂದ್ರ ಕೈಗೆ ಹತ್ತಿದ್ದಷ್ಟ ಏನ್ರಿ?" ಎಂದಳು.

ನನಗೆ ಸಿಟ್ಟು ಬಂತು. ಆಕೆ ಉತ್ತರಕ್ಕೆ ಕಾಯದೆ ಬೇರುಗಳನ್ನೆಲ್ಲ ಮೊರದಲ್ಲಿ ಬಳಿದುಕೊಂಡು ಹಿತ್ತಿಲಿಗೆ ಹೋದಳು.

ಮಾರ್ಚ್ ೧೪, ಗುರುವಾರ

ಹಳೆಯ ದಾಖಲೆ ಪುಸ್ತಕಗಳನ್ನು ತೆಗೆಸಿದೆ. ೧೯೯೨ರಿಂದ ನೋಡಿದೆ. ಆ ಕಡೆಯ ಗದ್ದೆಗಳ ಇಂಗಾಲ ಒಂದನ್ನು ದಾಟುವುದು ಅಪರೂಪ. ಮೂರನ್ನು ದಾಟಿದವು ಎಷ್ಟಿವೆ ಎಂದು ಎಣಿಸಿದೆ.

ಒಂಬತ್ತು. ಜನವರಿಯ ನಾಲ್ಕನ್ನು ಬಿಟ್ಟು ಒಂಬತ್ತು. ಕಳಿಸಿದವರ ಅಂಕಣದಲ್ಲಿ ಎಲ್ಲಕ್ಕೂ ಅದೇ ಕಂಪನಿ, ಎಲ್ಲದರ ಮುಂದೆಯೂ 'ಉತ್ತಮ', ಎಲ್ಲದರ ಕೆಳಗೂ ನನ್ನ ಸಹಿ. ಒಂದು ವರದಿಯ ಅಂಚಿನಲ್ಲಿ, ೧೯೯೩ರಲ್ಲಿ, ಪೆನ್ಸಿಲಿನಿಂದ ನಾನೇ ಚಿಕ್ಕದಾಗಿ ಬರೆದಿದ್ದೇನೆ: 'ದುರ್ನಾತ'. ಅಂದರೆ ನನಗೆ ಗೊತ್ತಾಗಿತ್ತು. ಬರೆದು, ಪುಟ ತಿರುವಿ, ಕೈ ತೊಳೆಯಲು ಹೋಗಿರಬೇಕು.

ಮಾರ್ಚ್ ೧೮, ಸೋಮವಾರ

ಮಲ್ಲಣ್ಣನ ಜೊತೆ ಕುಂಡಗಳ ಪಕ್ಕದಲ್ಲೇ ಊಟ ಮಾಡಿದೆ. ಅವನ ಹೆಂಡತಿ ಮಾಡಿದ ಪುಂಡಿಪಲ್ಯ ಚೆನ್ನಾಗಿತ್ತು. ನೀವು ವಿಚಾರಣೆಗೆ ಹೋಗುವವರೇ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಹಳದಿ ಸಸಿಗಳಲ್ಲಿ ಇನ್ನೊಂದು ಬಿದ್ದಿದೆ.

ಕಾದಂಬರಿಯನ್ನು ಹಿಂದಿರುಗಿಸುವ ದಿನ ಕಳೆದುಹೋಗಿದೆ. ಎಲ್ಲಿಗೆ ನಿಲ್ಲಿಸಿದ್ದೆನೋ ನೆನಪಿಲ್ಲ.

ಮಾರ್ಚ್ ೨೨, ಶುಕ್ರವಾರ

ಒಂದು ದಿನದ ರಜೆ ಬರೆದುಕೊಟ್ಟು ಹೋದೆ. ಈ ಸಲ ನಿಜವಾದ ರಜೆ.

ಮೂರನೆಯ ಮಹಡಿಯ ಕೋಣೆ. ಅಧಿಕಾರಿಗೆ ಚುನಾವಣೆಯ ಕೆಲಸ ತಲೆ ಮೇಲಿತ್ತು. ಹತ್ತು ನಿಮಿಷಕ್ಕೊಂದು ಫೋನು. ಕಂಪನಿಯ ಪರವಾಗಿ ಬಂದವನು ಮೂವತ್ತೈದರ ಆಸುಪಾಸಿನವನು, ಬಿಳಿಯ ಅಂಗಿ, ತುಂಬ ವಿನಯ. ಸತ್ತೆಮ್ಮನವರಿಗೆ ತಾನೇ ಎದ್ದು ಕುರ್ಚಿ ಹಾಕಿದ. ಅವನ ಉಗುರುಗಳು ನನ್ನ ಉಗುರುಗಳಷ್ಟೇ ಸ್ವಚ್ಛವಾಗಿದ್ದವು. ಅವನನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಅವನು ನನ್ನ ವರದಿಯನ್ನು ಓದಿದ. ಒಂದು ಅಂಕಿಯನ್ನೂ ತಪ್ಪಾಗಿ ಓದಲಿಲ್ಲ. ಎಣ್ಣೆ ಬೀಳದ ಭಾಗದಲ್ಲಿ ೦.೬, ಬಿದ್ದ ಭಾಗದಲ್ಲಿ ೩.೮, ಸರ್ಕಾರದ್ದೇ ಹಾಳೆ, ಸರ್ಕಾರದ್ದೇ ಸಹಿ, ಮೇಲ್ಮಣ್ಣನ್ನು ತೆಗೆಯುವುದೆಂದರೆ ಫಲವತ್ತಾದ ಮಣ್ಣನ್ನು ತೆಗೆದಂತೆ, ಎಂದ. ನನ್ನ ಮಾತುಗಳನ್ನು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಇದೇ ಮೊದಲು. ಅಗಿದು ಉಗುಳಿದ್ದನ್ನು ಮತ್ತೆ ತಟ್ಟೆಗೆ ಹಾಕಿದ ಹಾಗಿತ್ತು.

ನಾನು ಎದ್ದೆ. ಇದಕ್ಕೆ ಸಹಿ ಹಾಕಿದವನು ನಾನು ಎಂದೆ. ತಿದ್ದುಪಡಿ ಇದ್ದರೆ ಮುಖ್ಯಸ್ಥರ ಮೂಲಕ ಬರಬೇಕು, ಕೈಯಿಂದ ಕೊಟ್ಟ ಕಾಗದ ತೆಗೆದುಕೊಳ್ಳಲಾಗದು, ಎಂದರು ಅಧಿಕಾರಿ. ಕಾಗದ ಕೊಡುವುದಿಲ್ಲ, ನನ್ನ ಹೇಳಿಕೆ ಬರೆದುಕೊಳ್ಳಿ, ಎಂದೆ. ಅವರು ಕನ್ನಡಕ ತೆಗೆದರು.

"ವರದಿ ತಪ್ಪು ಅನ್ನುತ್ತೀರಾ?"

"ಅಂಕಿ ಸರಿ. ಅಂಕಿಯ ಮುಂದೆ ನಾನು ಬರೆದ ಮಾತು ತಪ್ಪು. ಅಲ್ಲಿರುವುದು ಎಣ್ಣೆಯ ಇಂಗಾಲ. ಆ ನೆಲದಲ್ಲಿ ಸಾರಜನಕ ಇಲ್ಲ, ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಹೋಗುವುದಿಲ್ಲ. ಅದು ಫಲವತ್ತಲ್ಲ. ನಾನು ಅದನ್ನು ಮೂಸಿ ತಿಳಿದಿದ್ದೆ. ತಿಳಿದೂ ಬರೆದೆ."

ಆಗ ಕಂಪನಿಯವನು, ಬಹಳ ಮೆತ್ತಗೆ, ಇಪ್ಪತ್ತೊಂಬತ್ತು ವರ್ಷದ ಅನುಭವವಿರುವ ಹಿರಿಯರು ಇಂಥ ತಪ್ಪು ಮಾಡಿದ್ದಾರೆಂದರೆ ನಂಬುವುದು ಕಷ್ಟ, ಮಾಡಿದ್ದರೆ ಇದೊಂದೇ ಮಾಡಿದ್ದಾರೆಯೇ, ಅವರ ಉಳಿದ ವರದಿಗಳ ಗತಿ ಏನು, ಎಂದು ಕೇಳಿದ. ನಾನು ಬಾಯಿ ಮುಚ್ಚಲಿ ಎಂದು ಕೇಳಿದ ಪ್ರಶ್ನೆ.

"ಇನ್ನೂ ಒಂಬತ್ತು," ಎಂದೆ. ಜೇಬಿನಿಂದ ಚೀಟಿ ತೆಗೆದು ಸಂಖ್ಯೆ, ವರ್ಷ ಓದಿದೆ. ಎಲ್ಲ ನಿಮ್ಮ ಕಂಪನಿಯವೇ ಎಂದೆ. ಬರೆದುಕೊಳ್ಳುತ್ತಿದ್ದ ಗುಮಾಸ್ತೆ ಎರಡು ಸಲ ನಿಲ್ಲಿಸಿ ಸಂಖ್ಯೆ ಮತ್ತೆ ಕೇಳಿದಳು. ಹೇಳಿದೆ. ಕಂಪನಿಯವನ ವಿನಯ ಅಲ್ಲಿಗೆ ಮುಗಿಯಿತು. ಫೈಲು ಮುಚ್ಚಿ ಕಿಟಕಿಯ ಕಡೆ ನೋಡತೊಡಗಿದ.

ಅಧಿಕಾರಿ ಆದೇಶ ಕೊಡಲಿಲ್ಲ. ತಾವೇ ಹೋಗಿ ಸ್ಥಳ ನೋಡುವುದಾಗಿ ಹೇಳಿದರು. ಸತ್ತೆಮ್ಮನವರು ಮೆಟ್ಟಿಲಿಳಿಯುವಾಗ, ಒಂಬತ್ತು ಗದ್ದೆಗಳವರು ಯಾರು, ಅವರಿಗೆ ಗೊತ್ತೇ, ಎಂದು ಕೇಳಿದರು. ಚೀಲದ ಮೇಲೆ ಬರೀ ಸಂಖ್ಯೆ ಇತ್ತು ಎಂದೆ. ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದೆವು.

ಮಾರ್ಚ್ ೨೬, ಮಂಗಳವಾರ

ಟೈಪು ಮಾಡಿದ ಆದೇಶ. ಇಲಾಖೆಯ ವಿಚಾರಣೆ ಮುಗಿಯುವವರೆಗೆ ನಾನು ಯಾವ ವರದಿಗೂ ಸಹಿ ಹಾಕುವಂತಿಲ್ಲ, ಪ್ರಯೋಗಾಲಯದ ಹೆಸರಿನಲ್ಲಿ ಏನನ್ನೂ ಬರೆಯುವಂತಿಲ್ಲ. ಮೇಜನ್ನು ಮಣ್ಣು ತೆಗೆದುಕೊಳ್ಳುವ ಕೋಣೆಗೆ ಸಾಗಿಸಿದ್ದಾರೆ. ಹನುಮಂತರಾಯರು ನನ್ನ ಜೊತೆ ಮಾತಾಡುವುದಿಲ್ಲ; ಎದುರು ಬಂದರೆ ಮೂಗು ಮುಚ್ಚಿಕೊಳ್ಳುವವರ ಹಾಗೆ ಕರವಸ್ತ್ರ ತೆಗೆಯುತ್ತಾರೆ.

ಈ ಕೋಣೆಯಲ್ಲಿ ಬೆಳಕು ಚೆನ್ನಾಗಿದೆ. ಚೀಲ ತಂದವರನ್ನು ಕೂರಿಸಿ ಊರು, ಬೆಳೆ, ಹೆಸರು ಕೇಳಿ ಬರೆದುಕೊಳ್ಳುತ್ತೇನೆ. ಹಾಳೆಯಲ್ಲಿ ಜಾಗವಿಲ್ಲದ್ದರಿಂದ ಹಿಂಬದಿಯಲ್ಲಿ.

ಏಪ್ರಿಲ್ ೯, ಮಂಗಳವಾರ

ಆದೇಶ ಬಂದಿದೆ ಎಂದು ಸತ್ತೆಮ್ಮನವರ ತಂಗಿ ಉಪ್ಪಲ್‌ನಿಂದ ಬಂದು ಹೇಳಿ ಹೋದರು. ವರದಿಯನ್ನು ಪರಿಗಣಿಸುವುದಿಲ್ಲ. ಎಣ್ಣೆ ಇಳಿದ ಜಾಗದಲ್ಲಿ ಒಂದೂವರೆ ಅಡಿ ಮಣ್ಣನ್ನು ಕಂಪನಿಯೇ ತೆಗೆಯಬೇಕು, ಮಳೆಗೆ ಮುಂಚೆ. ಉಳಿದ ಒಂಬತ್ತರ ಬಗ್ಗೆ ಬೇರೆ ತನಿಖೆ.

ಶಿವದೇವಿ ಪಾಯಸ ಮಾಡಿದಳು. ಏಕೆ ಎಂದು ಕೇಳಿದರೆ, ಹಾಲು ಉಳಿದಿತ್ತು ಎಂದಳು.

ಏಪ್ರಿಲ್ ೨೪, ಬುಧವಾರ

ಹನ್ನೊಂದು ಗಂಟೆಗೆ ಫೋನು. ಅಮಲಾಪುರದಿಂದ ಸತ್ತೆಮ್ಮನವರು.

ನಿನ್ನೆ ಮೂರು ಲಾರಿ ಬಂದಿದ್ದವಂತೆ, ಅಗೆಯುವ ಯಂತ್ರವೂ. ಮಧ್ಯಾಹ್ನದ ಹೊತ್ತಿಗೆ ಮೊದಲ ಲಾರಿ ತುಂಬಿತು. ಇದನ್ನು ಎಲ್ಲಿಗೆ ಒಯ್ಯುತ್ತೀರಿ ಎಂದು ಇವರು ಚಾಲಕನನ್ನು ಕೇಳಿದ್ದಾರೆ. ಪಕ್ಕದ ಹಳ್ಳಿಯ ಕೇರಿಯ ಹಿಂದೆ ಅಲ್ಲಿನವರು ನೀರು ತುಂಬಿಕೊಳ್ಳುವ ಒಂದು ಕುಂಟೆ ಇದೆ, ಅಲ್ಲಿಗೆ, ಎಂದನಂತೆ. ಇವರು ಲಾರಿಯ ಮುಂದೆ ಕೂತುಬಿಟ್ಟಿದ್ದಾರೆ.

ನೀವೇ ತೆಗೆಯಿರಿ ಎಂದು ಹೈದರಾಬಾದಿನವರೆಗೆ ಹೋದವರು, ಈಗ ನೀವೇ ತಡೆಯುತ್ತೀರಾ, ಎಂದು ಎಲ್ಲರೂ ರೇಗಿದರಂತೆ. ಊರಿನವರೂ ರೇಗಿದರಂತೆ.

"ನನ್ನ ಗದ್ದೆಯಿಂದ ತೆಗೆಯಿರಿ ಅಂದೆ, ಬಾಬು. ಅವರು ಕುಡಿಯುವ ನೀರಿಗೆ ಹಾಕಿ ಅಂದೆನೇ?"

ಸಂಜೆಯವರೆಗೆ ಕೂತರು. ಕೊನೆಗೆ ಕಂಪನಿಯವರು ಆ ಮಣ್ಣನ್ನೆಲ್ಲ ಇವರದೇ ಗದ್ದೆಯ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ, ಸಾಗಿಸಲು ಮಾಲೀಕರೇ ಒಪ್ಪಲಿಲ್ಲ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ಆದೇಶ ಪಾಲಿಸಿದ ಹಾಗಾಯಿತು. ಇನ್ನು ಆರು ವಾರದಲ್ಲಿ ಮಳೆ. ಮಳೆ ಬಂದರೆ ಗುಡ್ಡೆ ಕರಗಿ ಮತ್ತೆ ಗದ್ದೆಗೇ ಇಳಿಯುತ್ತದೆ.

ನನಗೆ ಆ ಬಿಳಿ ಅಂಗಿಯವನ ಉಗುರು ನೆನಪಾಯಿತು. ಸತ್ತೆಮ್ಮನವರು ಅವನ ಸುದ್ದಿಯನ್ನೇ ಎತ್ತಲಿಲ್ಲ. ಕೇಳಿದ್ದು ಒಂದೇ: ಆ ಗುಡ್ಡೆಗೆ ಏನು ಕೊಟ್ಟರೆ ಅದು ಮತ್ತೆ ಮಣ್ಣಾಗುತ್ತದೆ?

ಹೇಳಿದೆ. ಅದು ಸತ್ತಿಲ್ಲ, ಹಸಿದಿದೆ. ಎಣ್ಣೆ ತಿನ್ನುವ ಜೀವಿಗಳು ಅದರಲ್ಲೇ ಇವೆ. ಅವಕ್ಕೆ ಸಾರಜನಕ ಬೇಕು, ಗಾಳಿ ಬೇಕು. ಸುತ್ತ ಜೇಡಿಮಣ್ಣಿನ ಬದು ಕಟ್ಟಬೇಕು. ಗುಡ್ಡೆಯನ್ನು ಒಂದಡಿ ದಪ್ಪಕ್ಕೆ ಹರಡಬೇಕು. ಸಗಣಿ, ಸ್ವಲ್ಪ ಯೂರಿಯಾ ಬೆರೆಸಬೇಕು. ವಾರಕ್ಕೊಂದು ಸಲ ಮೇಲೆ ಕೆಳಗೆ ಮಾಡಬೇಕು, ತೇವ ಆರಬಾರದು, ಮಳೆ ನೇರವಾಗಿ ಬೀಳಬಾರದು, ಮೇಲೆ ತೆಂಗಿನ ಗರಿಯ ಚಪ್ಪರ ಬೇಕು. ಎರಡು ವರ್ಷ ಹಿಡಿಯಬಹುದು, ಮೂರೂ ಆಗಬಹುದು. ಎಷ್ಟು ಸಗಣಿ, ಎಷ್ಟು ಯೂರಿಯಾ ಎಂಬುದನ್ನು ಗುಡ್ಡೆ ಅಳೆದೇ ಹೇಳಬೇಕು.

ಇದನ್ನೆಲ್ಲ ಬರೆದು ಕಳಿಸಿ, ಮಾಸ್ತರರ ಕೈಯಲ್ಲಿ ಓದಿಸುತ್ತೇನೆ, ಎಂದರು. ನಾನು ಬರೆಯುವಂತಿಲ್ಲ ಎಂದೆ. ಏಕೆಂದು ಹೇಳಿದೆ. ಬೂತಿನಲ್ಲಿ ಅವರ ಹಿಂದೆ ಯಾರೋ ಬೇಗ ಮುಗಿಸಮ್ಮ ಎನ್ನುತ್ತಿದ್ದರು.

"ಹಾಗಾದರೆ ಬನ್ನಿ," ಎಂದರು.

ಏಪ್ರಿಲ್ ೨೫, ಗುರುವಾರ

ಇಪ್ಪತ್ತು ದಿನದ ರಜೆ ಕೇಳಿದ್ದೇನೆ. ಹನುಮಂತರಾಯರು ಮಾತಿಲ್ಲದೆ ಒಪ್ಪಿಗೆ ಹಾಕಿದರು. ನಾನು ಇಲ್ಲದಿದ್ದರೆ ಅವರಿಗೂ ನೆಮ್ಮದಿ. ಗೋದಾವರಿ ಎಕ್ಸ್‌ಪ್ರೆಸ್ಸಿಗೆ ಶನಿವಾರದ ಟಿಕೆಟ್ ಸಿಕ್ಕಿತು. ರಾಜಮಂಡ್ರಿಯಲ್ಲಿ ಇಳಿದು ಬಸ್ಸು. ಮಲ್ಲಣ್ಣ ತಾನೂ ಒಂದು ವಾರದ ಮಟ್ಟಿಗೆ ಬರುವೆನೆಂದ. ನೀವು ಒಬ್ಬರೇ ಹೋದರೆ ಮಣ್ಣಿಗೆ ನಮಸ್ಕಾರ ಹೇಳಿ ನಿಂತುಬಿಡುತ್ತೀರಿ ಎಂದ. ಶಿವದೇವಿ ಹಳೆಯ ಪಂಚೆಗಳನ್ನು ತೆಗೆದಿಟ್ಟಿದ್ದಾಳೆ. ಒಗೆದರೂ ಹೋಗುವುದಿಲ್ಲ, ಅಲ್ಲೇ ಬಿಟ್ಟು ಬನ್ನಿ, ಎಂದಳು.

ಬರುವ ದಿನ ತಿಳಿಸಲು ಸತ್ತೆಮ್ಮನವರ ಊರಿನ ಅಂಗಡಿಗೆ ಫೋನು ಮಾಡಿ ಅವರನ್ನು ಕರೆಸಿದೆ. ಇಲ್ಲಿಂದ ಗುದ್ದಲಿ ತರಬೇಕೇ ಎಂದು ಕೇಳಿದೆ.

ಎರಡಿವೆ, ಬಾಬು, ಎಂದರು.